ಬೆಳಕು ಹಾಯುವ ಪಿಂಗಾಣಿ: ನಿಮ್ಮದೇ ಮಣ್ಣಿನ ಮಿಶ್ರಣ ಕಂಡುಕೊಳ್ಳುವುದು ಹೇಗೆ?

ತೆಳುವಾದ ಪಿಂಗಾಣಿ ಬಟ್ಟಲನ್ನು ದೀಪಕ್ಕೆ ಹಿಡಿದರೆ ಹಿಂದಿರುವ ಬೆರಳುಗಳ ನೆರಳು ಕಾಣುತ್ತದೆ. ಇಂಥದ್ದನ್ನು ತಾನೂ ಮಾಡಬೇಕು ಅಂತ ಹೊರಟವರು ಮೊದಲು ಹುಡುಕುವುದು ಒಂದು ಒಳ್ಳೆಯ ರೆಸಿಪಿಯನ್ನು. ರೆಸಿಪಿ ಸುಲಭವಾಗಿ ಸಿಗುತ್ತದೆ. ಆದರೆ ಸುಟ್ಟು ನೋಡಿದರೆ ಬೆಳಕು ಹಾಯುವುದಿಲ್ಲ. ಇಲ್ಲವೇ ಬೆಳಕು ಚೆನ್ನಾಗಿ ಹಾಯುತ್ತದೆ, ಬಟ್ಟಲು ಮಾತ್ರ ಕಿಲ್ನ್ (ಮಣ್ಣು ಸುಡುವ ಕುಲುಮೆ) ಒಳಗೇ ಕುಸಿದಿರುತ್ತದೆ. ರೆಸಿಪಿ ಬರೆದವರ ಕೆಯೋಲಿನ್ (ಪಿಂಗಾಣಿಯ ಬಿಳಿ ಜೇಡಿ) ಬೇರೆ, ಕಿಲ್ನ್ ಬೇರೆ, ಅವರು ಮಾಡುವ ಆಕಾರವೂ ಬೇರೆ. ಹಾಗಾಗಿ ಇಲ್ಲಿ ಒಂದು ರೆಸಿಪಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಬೆಳಕಿಗೂ ಆಕಾರಕ್ಕೂ ನಡುವೆ ನಡೆಯುವ ಎಳೆದಾಟವನ್ನು ಅಳೆಯುವುದು ಹೇಗೆ, ಅಳೆದು ನಿಮ್ಮ ಕಿಲ್ನ್‌ಗೆ ಹೊಂದುವ ಮಿಶ್ರಣ ತಲುಪುವುದು ಹೇಗೆ ಅನ್ನುವುದನ್ನು ಹೇಳುತ್ತೇನೆ.

ಮಣ್ಣು ನಾದುವುದು, ಒಣಗಿಸುವುದು, ಸುಡುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಕನಿಷ್ಠ 1,220 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಕಿಲ್ನ್ ಬೇಕು.

ಬೆಳಕನ್ನು ತಡೆಯುವುದು ಯಾವುದು?

ಪಿಂಗಾಣಿ ಸುಡುವಾಗ ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ ಗಾಜಾಗುತ್ತದೆ. ಆ ಗಾಜಿನೊಳಗೆ ಮೂರು ಸಂಗತಿಗಳು ಸಿಕ್ಕಿಕೊಂಡಿರುತ್ತವೆ. ಕೆಯೋಲಿನ್‌ನಿಂದ ಹುಟ್ಟಿದ ಮುಲೈಟ್ ಹರಳುಗಳು, ಕರಗದೆ ಉಳಿದ ಕ್ವಾರ್ಟ್ಜ್ ಕಣಗಳು ಮತ್ತು ಸಣ್ಣ ಗಾಳಿಗುಳ್ಳೆಗಳು. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ, ಚದುರುತ್ತದೆ. ಎರಡೂ ವಸ್ತುಗಳ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಸಂಖ್ಯೆ) ಹತ್ತಿರವಿದ್ದರೆ ಚದುರುವುದು ಕಡಿಮೆ. ಗಾಜಿನದು ಸುಮಾರು 1.5, ಕ್ವಾರ್ಟ್ಜ್‌ನದು 1.55, ಮುಲೈಟ್‌ನದು 1.64. ಗಾಳಿಯದು ಬರೀ 1. ಅಂದರೆ ಬೆಳಕಿಗೆ ಅತಿ ದೊಡ್ಡ ಅಡ್ಡಿ ಗಾಳಿಯೇ. ಕಾಗದಕ್ಕೆ ಎಣ್ಣೆ ತಾಗಿದರೆ ಆ ಜಾಗದಲ್ಲಿ ಬೆಳಕು ಹಾಯುತ್ತದೆ, ಅಲ್ವಾ? ನಾರುಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂದು ಕೂತಿದ್ದರಿಂದ ಹಾಗಾಗುತ್ತದೆ. ಪಿಂಗಾಣಿಯಲ್ಲಿ ಈ ಕೆಲಸ ಮಾಡುವುದು ಕರಗಿದ ಫೆಲ್ಡ್‌ಸ್ಪಾರ್.

ಇವುಗಳ ಜೊತೆ ಬಣ್ಣದ ಸಮಸ್ಯೆಯೂ ಇದೆ. ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಟೈಟಾನಿಯಂ ಬೆಳಕನ್ನು ಚದುರಿಸುವುದಷ್ಟೇ ಅಲ್ಲ, ನುಂಗುತ್ತವೆ. ಟೈಟಾನಿಯಂ ಬಗ್ಗೆ ಜನ ಜಾಸ್ತಿ ಯೋಚಿಸುವುದಿಲ್ಲ. ಆದರೆ ಕಬ್ಬಿಣದ ಜೊತೆ ಸೇರಿದಾಗ ಅದು ಸ್ವಲ್ಪವಿದ್ದರೂ ಬಿಳುಪು ಹೋಗಿ ಕೆನೆಬಣ್ಣ ಬರುತ್ತದೆ.

ಹಾಗಾದರೆ ನಮ್ಮ ಕೆಲಸ ನಾಲ್ಕು. ಗಾಳಿಗುಳ್ಳೆ ಕಡಿಮೆ ಮಾಡುವುದು, ಕರಗದ ಕ್ವಾರ್ಟ್ಜ್ ಕಡಿಮೆ ಮಾಡುವುದು, ಬಣ್ಣ ಕೆಡಿಸುವ ಅಂಶಗಳನ್ನು ದೂರ ಇಡುವುದು, ಗೋಡೆಯನ್ನು ತೆಳುವಾಗಿಸುವುದು. ಮೊದಲ ಎರಡಕ್ಕೆ ಗಾಜು ಹೆಚ್ಚಬೇಕು. ಗಾಜು ಹೆಚ್ಚಿದರೆ ಪಾತ್ರೆ ಬೆಂಕಿಯಲ್ಲಿ ಮೆತ್ತಗಾಗುತ್ತದೆ. ಈ ಕೆಲಸದ ಎಲ್ಲ ಕಷ್ಟವೂ ಹುಟ್ಟುವುದು ಇಲ್ಲಿಂದಲೇ.

ಸಾಮಗ್ರಿಗಳ ಆಯ್ಕೆ

ಕೆಯೋಲಿನ್, ಅಂದರೆ ಚೈನಾ ಕ್ಲೇ, ಬೆನ್ನೆಲುಬು. ಕೊಳ್ಳುವಾಗ ಅದರ ರಾಸಾಯನಿಕ ವಿಶ್ಲೇಷಣೆಯ ಹಾಳೆ ಕೇಳಿ. ಕಬ್ಬಿಣದ ಆಕ್ಸೈಡ್ 0.7 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಬೇರೆ ನೋಡಿ. ಟೈಟಾನಿಯಂ ಆಕ್ಸೈಡ್ 0.1 ಪ್ರತಿಶತದ ಒಳಗಿದ್ದರೆ ಬಹಳ ಒಳ್ಳೆಯದು. ನ್ಯೂಜಿಲೆಂಡ್‌ನ ಹ್ಯಾಲೋಯ್ಸೈಟ್ ಜೇಡಿ ಮತ್ತು ಇಂಗ್ಲೆಂಡಿನ ಗ್ರೋಲೆಗ್ ಎಂಬ ಕೆಯೋಲಿನ್ ಈ ಕೆಲಸಕ್ಕೆ ಹೆಸರಾಗಿರುವುದು ಟೈಟಾನಿಯಂ ಕಡಿಮೆ ಇರುವುದರಿಂದ. ಕೈಗೆ ಬಿಳಿಯಾಗಿ ಕಾಣುವ ಪುಡಿ ಸುಟ್ಟ ಮೇಲೂ ಬಿಳಿಯಾಗಿಯೇ ಇರುತ್ತದೆ ಎಂದು ನಂಬಬೇಡಿ.

ಕರಗಿಸುವ ವಸ್ತುವಾಗಿ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಅಥವಾ ನೆಫಲಿನ್ ಸೈನೈಟ್ ಎಂಬ ಕಲ್ಲಿನ ಪುಡಿ ಬೇಕು. ಕಿಲ್ನ್ 1,280 ಡಿಗ್ರಿ ದಾಟುವುದಾದರೆ ಫೆಲ್ಡ್‌ಸ್ಪಾರ್ ಸಾಕು. ಅಷ್ಟು ಬಿಸಿ ಆಗದಿದ್ದರೆ ನೆಫಲಿನ್ ಸೈನೈಟ್ ತೆಗೆದುಕೊಳ್ಳಿ. ಅದು ಇನ್ನೂ ಕಡಿಮೆ ಬಿಸಿಗೆ ಕರಗುತ್ತದೆ. ಅದರಲ್ಲಿ ಬಿಡಿ ಕ್ವಾರ್ಟ್ಜ್ ಕೂಡ ಇರುವುದಿಲ್ಲ. ಸಿಲಿಕಾ ಪುಡಿ, ಅಂದರೆ ಕ್ವಾರ್ಟ್ಜ್ ಪುಡಿ, ಆದಷ್ಟು ನಯವಾಗಿರಲಿ, 325 ಮೆಶ್ (ಜರಡಿಯ ಕಣ್ಣಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ಅಥವಾ ಅದಕ್ಕಿಂತ ಸಣ್ಣದು. ದಪ್ಪ ಕಣ ಕರಗದೆ ಉಳಿಯುತ್ತದೆ.

ಬಾಲ್ ಕ್ಲೇ ಎಂಬ ಜಿಗುಟು ಜೇಡಿ ಬೇಡ. ಅದು ಮಣ್ಣಿಗೆ ಜಿಗುಟು ಕೊಡುತ್ತದೆ ನಿಜ, ಆದರೆ ಕಬ್ಬಿಣ ಮತ್ತು ಟೈಟಾನಿಯಂ ಅನ್ನೂ ಹೊತ್ತು ತರುತ್ತದೆ. ಜಿಗುಟಿಗೆ ಬಿಳಿ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಅತಿ ನಯದ ಜೇಡಿ) 2ರಿಂದ 4 ಪ್ರತಿಶತ ಹಾಕಿ. ಸಾಮಾನ್ಯ ಬೆಂಟೊನೈಟ್‌ನಲ್ಲಿ ಕಬ್ಬಿಣ ಜಾಸ್ತಿ. ಬಿಳಿಯದಕ್ಕೆ ಬೆಲೆ ಹೆಚ್ಚಾದರೂ ಇಲ್ಲಿ ಜಿಪುಣತನ ಮಾಡಬೇಡಿ.

ಇನ್ನೊಂದು ಮಾತು, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿ ಮಾಡುವ ಮದ್ದಿಲ್ಲ. ಪುಡಿ ತೂಗುವಾಗ ಕಣ ಸೋಸುವ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ಬಟ್ಟೆಯ ಮಾಸ್ಕ್ ಸಾಲದು. ಕೆಲಸದ ಜಾಗವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೊದಲ ಹೆಜ್ಜೆ: ನಾಲ್ಕು ಮಿಶ್ರಣಗಳು

ಪಿಂಗಾಣಿಯ ಹಳೆಯ ಲೆಕ್ಕ ಕೆಯೋಲಿನ್ 50, ಫೆಲ್ಡ್‌ಸ್ಪಾರ್ 25, ಸಿಲಿಕಾ 25. ಅಲ್ಲಿಂದಲೇ ಶುರು ಮಾಡೋಣ. ಕೆಯೋಲಿನ್ 50ಕ್ಕೆ ನಿಲ್ಲಿಸಿ, ಉಳಿದ ಎರಡನ್ನು ಮಾತ್ರ ಬದಲಿಸುತ್ತಾ ಹೋಗೋಣ. ಸುಮಾರು 1,220 ಡಿಗ್ರಿಗೆ, ಅಂದರೆ ಕೋನ್ 6ಕ್ಕೆ (ಕೋನ್ ಎಂದರೆ ಗೊತ್ತಾದ ಬಿಸಿಗೆ ಬಾಗಿ ಕಿಲ್ನ್‌ನ ಬಿಸಿ ತೋರಿಸುವ ಸಣ್ಣ ಕೋಲು) ಸುಡುವವರಿಗೆ ಇದು ಹೀಗಿರುತ್ತದೆ:

ಮಿಶ್ರಣ 1: ಕೆಯೋಲಿನ್ 50, ನೆಫಲಿನ್ ಸೈನೈಟ್ 25, ಸಿಲಿಕಾ 25
ಮಿಶ್ರಣ 2: ಕೆಯೋಲಿನ್ 50, ನೆಫಲಿನ್ ಸೈನೈಟ್ 30, ಸಿಲಿಕಾ 20
ಮಿಶ್ರಣ 3: ಕೆಯೋಲಿನ್ 50, ನೆಫಲಿನ್ ಸೈನೈಟ್ 35, ಸಿಲಿಕಾ 15
ಮಿಶ್ರಣ 4: ಕೆಯೋಲಿನ್ 50, ನೆಫಲಿನ್ ಸೈನೈಟ್ 40, ಸಿಲಿಕಾ 10

ಎಲ್ಲಕ್ಕೂ ಮೇಲಿಂದ ಬಿಳಿ ಬೆಂಟೊನೈಟ್ 3. ಪ್ರತಿಯೊಂದನ್ನೂ 500 ಗ್ರಾಂ ಒಣ ಪುಡಿಯಷ್ಟು ಮಾಡಿದರೆ ಪರೀಕ್ಷೆಗೆ ಧಾರಾಳ. ಅಂದರೆ ಮಿಶ್ರಣ 2ಕ್ಕೆ 250, 150, 100 ಗ್ರಾಂ, ಜೊತೆಗೆ ಬೆಂಟೊನೈಟ್ 15 ಗ್ರಾಂ. ಕೋನ್ 10ಕ್ಕೆ, ಸುಮಾರು 1,285 ಡಿಗ್ರಿಗೆ ಸುಡುವವರು ನೆಫಲಿನ್ ಸೈನೈಟ್ ಬದಲು ಪೊಟ್ಯಾಶ್ ಫೆಲ್ಡ್‌ಸ್ಪಾರ್ ಹಾಕಿ ಇದೇ ಸಾಲನ್ನು ಮಾಡಬಹುದು.

ಬೆಂಟೊನೈಟ್ ನೇರವಾಗಿ ನೀರಿಗೆ ಬಿದ್ದರೆ ಗಂಟು ಕಟ್ಟುತ್ತದೆ. ಮೊದಲು ಉಳಿದ ಪುಡಿಗಳ ಜೊತೆ ಒಣದಾಗಿ ಚೆನ್ನಾಗಿ ಬೆರೆಸಿ. ಆಮೇಲೆ ಪುಡಿಯ ತೂಕದಷ್ಟೇ ನೀರು ತೆಗೆದುಕೊಂಡು, ಪುಡಿಯನ್ನು ನೀರಿಗೆ ಸುರಿಯಿರಿ. ನೀರನ್ನು ಪುಡಿಗೆ ಸುರಿಯಬೇಡಿ. ಒಂದು ರಾತ್ರಿ ನೆನೆಯಲಿ. ಮರುದಿನ ಕಲಕಿ 80 ಅಥವಾ 100 ಮೆಶ್ ಜರಡಿಯಲ್ಲಿ ಸೋಸಿ. ಪ್ಲಾಸ್ಟರ್ ಹಲಗೆಯ ಮೇಲೆ ಹರಡಿ ನಾದುವ ಹದಕ್ಕೆ ಬಂದಾಗ ತೆಗೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಒಂದೆರಡು ವಾರ ಇಟ್ಟರೆ ಮಣ್ಣು ಹೇಳಿದ ಮಾತು ಕೇಳುತ್ತದೆ.

ಪಾತ್ರೆ, ಮೇಜು, ಬಟ್ಟೆ ಎಲ್ಲವೂ ಬೇರೆ ಮಣ್ಣಿನಿಂದ ದೂರ ಇರಲಿ. ಕೆಂಪು ಮಣ್ಣು ತಾಗಿದ ಸ್ಪಂಜು ಒಂದೇ ಸಾಕು ಎಲ್ಲ ಕೆಡಿಸಲು. ಉಕ್ಕಿನ ನಾರಿನಿಂದ ಉಜ್ಜಿದ ಪಾತ್ರೆಯೂ ಅಪಾಯವೇ. ಉದುರಿದ ಚೂರು ಸುಟ್ಟ ಮೇಲೆ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ.

ಎರಡನೇ ಹೆಜ್ಜೆ: ಬಿಲ್ಲೆ ಮತ್ತು ಪಟ್ಟಿ

ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಪ್ರತಿ ಮಿಶ್ರಣದಿಂದ ಎರಡು ಬಗೆಯ ತುಂಡು ಮಾಡಬೇಕು. ಒಂದು ಬೆಳಕನ್ನು ಅಳೆಯಲು, ಇನ್ನೊಂದು ಕುಸಿತವನ್ನು ಅಳೆಯಲು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಅತಿ ಹೆಚ್ಚು ಬೆಳಕು ಬಿಟ್ಟ ಮಿಶ್ರಣವನ್ನೇ ಆರಿಸುತ್ತಾರೆ. ಮೊದಲ ದೊಡ್ಡ ಬಟ್ಟಲೇ ಅವರ ಆಯ್ಕೆ ತಪ್ಪು ಎಂದು ತೋರಿಸುತ್ತದೆ.

ಬೆಳಕಿನ ಬಿಲ್ಲೆಗೆ ಮಣ್ಣನ್ನು ಬೇರೆ ಬೇರೆ ದಪ್ಪಕ್ಕೆ ಲಟ್ಟಿಸಬೇಕು. ಅವಧಿ ಮುಗಿದ ಬ್ಯಾಂಕ್ ಕಾರ್ಡ್‌ಗಳು ಇದಕ್ಕೆ ಸೊಗಸಾಗಿ ಒದಗುತ್ತವೆ. ಒಂದೊಂದು ಕಾರ್ಡ್ 0.76 ಮಿಲಿಮೀಟರ್ ದಪ್ಪ. ಮಣ್ಣಿನ ಎರಡೂ ಬದಿಗೆ ಎರಡೆರಡು ಕಾರ್ಡ್ ಇಟ್ಟು ಲಟ್ಟಣಿಗೆ ಓಡಿಸಿದರೆ ಸುಮಾರು 1.5 ಮಿಲಿಮೀಟರ್ ದಪ್ಪ ಸಿಗುತ್ತದೆ. ನಾಲ್ಕು ನಾಲ್ಕು ಇಟ್ಟರೆ 3, ಆರು ಆರು ಇಟ್ಟರೆ 4.5. ಹೀಗೆ ಮೂರು ದಪ್ಪದ ಬಿಲ್ಲೆ ಕತ್ತರಿಸಿ. ದಪ್ಪ ಬಿಲ್ಲೆಯೊಂದರ ಮೇಲೆ ಸರಿಯಾಗಿ 100 ಮಿಲಿಮೀಟರ್ ಉದ್ದದ ಗೆರೆ ಎಳೆದಿಡಿ. ಸುಟ್ಟ ಮೇಲೆ ಆ ಗೆರೆ 86 ಮಿಲಿಮೀಟರ್ ಇದ್ದರೆ ಮಣ್ಣು 14 ಪ್ರತಿಶತ ಕುಗ್ಗಿದೆ ಎಂದು ಲೆಕ್ಕ.

ಕುಸಿತದ ಪಟ್ಟಿ 12 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ ಇರಲಿ. ಬಿಸ್ಕ್ (ಕಡಿಮೆ ಬಿಸಿಯ ಮೊದಲ ಸುಡುವಿಕೆ) ಸುಟ್ಟ ಮೇಲೆ ಇದನ್ನು ಎರಡು ಆಸರೆಗಳ ಮೇಲೆ ಸೇತುವೆ ಮಾಡಿ ಇಡುತ್ತೇವೆ. ಆಸರೆಗಳ ನಡುವೆ 9 ಸೆಂಟಿಮೀಟರ್ ಅಂತರ ಬಿಡಿ. ಪಟ್ಟಿ ಕುಗ್ಗುವುದರಿಂದ ಅದಕ್ಕಿಂತ ಹೆಚ್ಚು ಬಿಟ್ಟರೆ ಜಾರಿ ಬೀಳಬಹುದು. ನಡುಭಾಗ ಎಷ್ಟು ಕೆಳಗೆ ಬಾಗಿದೆ ಎಂಬುದೇ ಅಳತೆ.

ಎಲ್ಲದರ ಹಿಂದೆ ಮಿಶ್ರಣದ ಸಂಖ್ಯೆ ಗೀರಿ. ಸುಟ್ಟ ಮೇಲೆ ಎಲ್ಲ ಬಿಳಿ ಬಿಲ್ಲೆಗಳೂ ಒಂದೇ ಥರ ಕಾಣುತ್ತವೆ.

ಮೂರನೇ ಹೆಜ್ಜೆ: ಸುಡುವುದು

ಬಿಸ್ಕ್ ಅನ್ನು 1,000 ಡಿಗ್ರಿಗೆ ನಿಧಾನವಾಗಿ ಮಾಡಿ. 573 ಡಿಗ್ರಿ ಆಸುಪಾಸಿನಲ್ಲಿ ಕ್ವಾರ್ಟ್ಜ್ ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅಷ್ಟೇ ಕುಗ್ಗುತ್ತದೆ. ಅಲ್ಲಿ ಅವಸರ ಬೇಡ.

ಎರಡನೇ ಸುಡುವಿಕೆಯಲ್ಲಿ ಕಿಲ್ನ್‌ನ ಮೀಟರ್ ಅನ್ನು ಮಾತ್ರ ನಂಬದೆ ಬಿಲ್ಲೆಗಳ ಪಕ್ಕದಲ್ಲೇ ಕೋನ್ ಇಡಿ. ಪಿಂಗಾಣಿಗೆ ಹತ್ತು ಡಿಗ್ರಿಯ ವ್ಯತ್ಯಾಸವೂ ಎದ್ದು ಕಾಣುತ್ತದೆ. ತುದಿಯ ಬಿಸಿಯಲ್ಲಿ 10ರಿಂದ 15 ನಿಮಿಷ ನಿಲ್ಲಿಸಿದರೆ ಗಾಜು ಹರಿದು ಸಂದುಗಳನ್ನು ತುಂಬಲು ಸಮಯ ಸಿಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ನಿಲ್ಲಿಸಿದರೆ ತಿರುಗುಬಾಣ. ಒಳಗೆ ಅನಿಲ ಉಬ್ಬಿ ಹೊಸ ಗುಳ್ಳೆಗಳು ಹುಟ್ಟುತ್ತವೆ, ಬೆಳಕು ಮತ್ತೆ ಕಡಿಮೆಯಾಗುತ್ತದೆ.

ಶೆಲ್ಫ್‌ಗೆ ಅಲ್ಯುಮಿನಾ ಮತ್ತು ಕೆಯೋಲಿನ್ ಸಮಸಮ ಬೆರೆಸಿ ಹಚ್ಚಿ. ಗಾಜು ಹೆಚ್ಚಿರುವ ಮಣ್ಣು ಶೆಲ್ಫ್‌ಗೆ ಅಂಟಿಕೊಂಡು ತಳದ ಚಕ್ಕೆ ಕಿತ್ತುಬರುವುದು ಇದರಿಂದ ತಪ್ಪುತ್ತದೆ.

ಗ್ಯಾಸ್ ಕಿಲ್ನ್ ಇದ್ದವರಿಗೆ ಒಂದು ಅನುಕೂಲವಿದೆ. ಆಮ್ಲಜನಕ ಕಡಿಮೆ ಇರುವ ಬೆಂಕಿಯಲ್ಲಿ ಕಬ್ಬಿಣದ ಬಣ್ಣ ಹಳದಿಯಿಂದ ತಿಳಿನೀಲಿಗೆ ತಿರುಗುತ್ತದೆ. ಕಣ್ಣಿಗೆ ಅದೇ ಹೆಚ್ಚು ಬಿಳಿ ಅನಿಸುತ್ತದೆ. ವಿದ್ಯುತ್ ಕಿಲ್ನ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ಕಾಯಿಲ್‌ಗಳು ಹಾಳಾಗುತ್ತವೆ. ಅಲ್ಲಿ ಕೆಯೋಲಿನ್ ಶುದ್ಧವಾಗಿರುವುದೊಂದೇ ದಾರಿ.

ನಾಲ್ಕನೇ ಹೆಜ್ಜೆ: ಅಳೆದು ನೋಡುವುದು

ಕೋಣೆ ಕತ್ತಲಾಗಿರಲಿ. ಒಂದೇ ಎಲ್ಇಡಿ ದೀಪ, ಒಂದೇ ದೂರ. ಬಿಲ್ಲೆಯ ಸುತ್ತ ಬೆಳಕು ಸೋರದಂತೆ ಕಪ್ಪು ಕಾಗದದಲ್ಲಿ ಕಿಂಡಿ ಕತ್ತರಿಸಿ, ಅದರ ಮೇಲೆ ಬಿಲ್ಲೆ ಇಡಿ. ಫೋನ್ ಕ್ಯಾಮೆರಾದ ಎಕ್ಸ್‌ಪೋಷರ್ ಲಾಕ್ ಮಾಡಿ ಫೋಟೋ ತೆಗೆಯಿರಿ. ಲಾಕ್ ಮಾಡದಿದ್ದರೆ ಕ್ಯಾಮೆರಾ ತಾನೇ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ, ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಹಾಯ್ದ ಬೆಳಕಿನ ಬಣ್ಣವನ್ನೂ ಬರೆದಿಡಿ. ಬೆಚ್ಚಗಿನ ಕಿತ್ತಳೆ ಛಾಯೆಯೇ ಚೆನ್ನ ಎನ್ನುವವರೂ ಇದ್ದಾರೆ. ಅದು ನಿಮ್ಮ ಕಲೆಗೆ ಬಿಟ್ಟದ್ದು.

ಮಣ್ಣು ಎಷ್ಟು ನೀರು ಹೀರುತ್ತದೆ ಎಂಬುದನ್ನೂ ನೋಡಿ. ಒಣ ಬಿಲ್ಲೆ ತೂಗಿ, ಕೆಲವು ಗಂಟೆ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. 50 ಗ್ರಾಂ ಇದ್ದದ್ದು 50.2 ಆದರೆ ಹೀರಿಕೆ 0.4 ಪ್ರತಿಶತ. ಹೀರಿಕೆ 0.5ಕ್ಕಿಂತ ಜಾಸ್ತಿ ಇದ್ದರೆ ಮಣ್ಣು ಇನ್ನೂ ಪೂರ್ತಿ ಸುಟ್ಟಿಲ್ಲ, ಬೆಳಕಿನ ಮಾತು ಆಮೇಲೆ. ಆದರೆ ಸೊನ್ನೆ ಬಂದ ಮಾತ್ರಕ್ಕೆ ಬೆಳಕು ಹಾಯುತ್ತದೆ ಎಂದಲ್ಲ. ಮುಚ್ಚಿಹೋದ ಗುಳ್ಳೆಗಳಿಗೆ ನೀರು ಹೋಗುವುದಿಲ್ಲ, ಬೆಳಕನ್ನು ಮಾತ್ರ ಅವು ತಡೆಯುತ್ತಲೇ ಇರುತ್ತವೆ.

ಸಾಮಾನ್ಯವಾಗಿ ಮಿಶ್ರಣ 1ರಿಂದ 4ರ ಕಡೆಗೆ ಹೋದಂತೆ ಬೆಳಕು ಏರುತ್ತದೆ, ಪಟ್ಟಿಯೂ ಬಾಗುತ್ತದೆ. ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ. ಒಂದು ಹಂತದಲ್ಲಿ ಬೆಳಕು ಸ್ವಲ್ಪವೇ ಹೆಚ್ಚಿ ಕುಸಿತ ದಿಢೀರನೆ ಹೆಚ್ಚುತ್ತದೆ. ಆ ಜಾಗದ ಹಿಂದಿನ ಮಿಶ್ರಣವೇ ನಿಮ್ಮದು. 2 ಮತ್ತು 3ರ ನಡುವೆ ಅನುಮಾನವಿದ್ದರೆ ನೆಫಲಿನ್ ಸೈನೈಟ್ 32, 33 ಅಂತ ಇನ್ನೊಂದು ಸಣ್ಣ ಸಾಲು ಮಾಡಿ.

ಆಮೇಲೆ ಬೇಕಿದ್ದರೆ ಕೆಯೋಲಿನ್ ಬದಲಿಸಿ ನೋಡಿ. ಅರ್ಧ ದುಬಾರಿ ಕೆಯೋಲಿನ್, ಅರ್ಧ ಸಾಮಾನ್ಯದ್ದು ಹಾಕಿದರೆ ಬಣ್ಣ ಎಷ್ಟು ಕೆಡುತ್ತದೆ? ಇದು ತಿಳಿದಿರಲೇಬೇಕಾದ ಲೆಕ್ಕ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಆಗುವುದಿಲ್ಲ.

ಬೇರೆ ಎರಡು ದಾರಿಗಳು

ಪೇರಿಯನ್ ಎಂಬ ಮಿಶ್ರಣ 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಮೃತಶಿಲೆಯ ವಿಗ್ರಹಗಳ ನೋಟ ಕೊಡಲು ಹುಟ್ಟಿತು. ಫೆಲ್ಡ್‌ಸ್ಪಾರ್ ಸುಮಾರು 60, ಕೆಯೋಲಿನ್ 40, ಸಿಲಿಕಾ ಇಲ್ಲ. ಗ್ಲೇಜ್ (ಮೇಲೆ ಹಚ್ಚುವ ಗಾಜಿನ ಲೇಪ) ಇಲ್ಲದೆಯೇ ಸುಟ್ಟ ಮೇಲ್ಮೈಗೆ ರೇಷ್ಮೆಯ ಹೊಳಪು ಬರುತ್ತದೆ. ಸಣ್ಣ ಶಿಲ್ಪ, ಎಲೆ, ಹೂವಿನ ದಳಗಳಿಗೆ ಬಹಳ ಚೆನ್ನ. ದೊಡ್ಡ ಬಟ್ಟಲಿಗೆ ಅಲ್ಲ.

ಬೋನ್ ಚೈನಾ ಇನ್ನೊಂದು. ಸುಟ್ಟ ಮೂಳೆಯ ಬೂದಿ 50, ಕೆಯೋಲಿನ್ 25, ಕಾರ್ನಿಷ್ ಸ್ಟೋನ್ (ಫೆಲ್ಡ್‌ಸ್ಪಾರ್ ಇರುವ ಕಲ್ಲು) 25. ಇದರಲ್ಲಿ ಹುಟ್ಟುವ ಅನಾರ್ಥೈಟ್ ಹರಳಿನ ವಕ್ರೀಭವನ ಸೂಚ್ಯಂಕ ಸುಮಾರು 1.58. ಇದರ ಗಾಜಿನ ಸೂಚ್ಯಂಕವೂ ಅದಕ್ಕೆ ಹತ್ತಿರ. ಅದಕ್ಕೇ ಇಷ್ಟು ಹರಳು ತುಂಬಿದ್ದರೂ ಬೆಳಕು ಹಾಯುತ್ತದೆ. ಆದರೆ ಈ ಮಣ್ಣಿಗೆ ಜಿಗುಟಿಲ್ಲ, ಸುಡುವ ಬಿಸಿಯ ಅಂತರ ತೀರ ಕಿರಿದು. ಕಾರ್ಖಾನೆಗಳು ಮೊದಲು ಸುಮಾರು 1,250 ಡಿಗ್ರಿಗೆ ಆಸರೆ ಕೊಟ್ಟು ಸುಟ್ಟು, ಆಮೇಲೆ ಕಡಿಮೆ ಬಿಸಿಯಲ್ಲಿ ಗ್ಲೇಜ್ ಮಾಡುತ್ತವೆ. ಇದು ನಾವು ಇಲ್ಲಿ ಪಿಂಗಾಣಿಗೆ ಮಾಡುವುದಕ್ಕಿಂತ ಉಲ್ಟಾ. ಹೊಸಬರು ಇಲ್ಲಿಂದ ಶುರು ಮಾಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಐದನೇ ಹೆಜ್ಜೆ: ತೆಳುವಾದ ರೂಪ ಕೊಡುವುದು

ಮಿಶ್ರಣ ಸಿಕ್ಕ ಮೇಲೆ ಬೆಳಕು ಹೆಚ್ಚಿಸುವ ಅತಿ ಅಗ್ಗದ ಉಪಾಯ ದಪ್ಪ ಇಳಿಸುವುದು. 3 ಮಿಲಿಮೀಟರ್ ಗೋಡೆಯನ್ನು 1.5ಕ್ಕೆ ತಂದರೆ ಸಿಗುವ ಬೆಳಕು ಮಿಶ್ರಣ ಬದಲಿಸಿದರೂ ಸಿಗುವುದಿಲ್ಲ.

ಎಲ್ಲ ಕಡೆ ಒಂದೇ ದಪ್ಪ ಬೇಕಿದ್ದರೆ ಪ್ಲಾಸ್ಟರ್ ಅಚ್ಚಿಗೆ ಸ್ಲಿಪ್, ಅಂದರೆ ನೀರಾಗಿಸಿದ ಮಣ್ಣು, ಸುರಿಯುವುದೇ ಉತ್ತಮ. ಆಗ ಬೆಂಟೊನೈಟ್ ಬಿಟ್ಟುಬಿಡಿ, ಅದು ಸ್ಲಿಪ್ ಹರಿಯಲು ಬಿಡುವುದಿಲ್ಲ. 100 ಭಾಗ ಪುಡಿಗೆ ಸುಮಾರು 40 ಭಾಗ ನೀರು ಮತ್ತು ಸೋಡಿಯಂ ಸಿಲಿಕೇಟ್‌ನಂಥ ತೆಳುಕಾರಿ 0.3ರಿಂದ 0.5 ಭಾಗ. ಅರ್ಧ ಲೀಟರ್ ಸ್ಲಿಪ್ 875ರಿಂದ 900 ಗ್ರಾಂ ತೂಗಬೇಕು. ಅಚ್ಚಿನಲ್ಲಿ ಎಷ್ಟು ನಿಮಿಷ ಬಿಡಬೇಕು ಎಂಬುದು ನಿಮ್ಮ ಪ್ಲಾಸ್ಟರ್ ಎಷ್ಟು ಒಣಗಿದೆ ಎಂಬುದರ ಮೇಲಿದೆ. ಎರಡು ನಿಮಿಷಕ್ಕೊಂದು, ನಾಲ್ಕು ನಿಮಿಷಕ್ಕೊಂದು ಸುರಿದು, ಅಂಚು ಕತ್ತರಿಸಿ ದಪ್ಪ ನೋಡಿ.

ಹಾಳೆಯಾಗಿ ಲಟ್ಟಿಸುವವರು ಒಂದನ್ನು ನೆನಪಿಡಿ. ಪಿಂಗಾಣಿ ಮಣ್ಣು ಬಾಗಿಸಿದ್ದನ್ನು ಮರೆಯುವುದಿಲ್ಲ. ಎತ್ತುವಾಗ ಬಾಗಿದ ಹಾಳೆಯನ್ನು ಮತ್ತೆ ಸಪಾಟು ಮಾಡಿದರೂ ಬೆಂಕಿಯಲ್ಲಿ ಅದು ಹಳೆಯ ಬಾಗಿಗೇ ಮರಳುತ್ತದೆ. ಕೈಯಲ್ಲಿ ಎತ್ತದೆ ಬಟ್ಟೆ ಅಥವಾ ಹಲಗೆಯ ಸಮೇತ ಎತ್ತಿ. ಎರಡು ಜಿಪ್ಸಂ ಹಲಗೆಗಳ ನಡುವೆ ನಿಧಾನವಾಗಿ ಒಣಗಿಸಿ.

ಆಕಾರದ ಬಗ್ಗೆ: ಹೊರಕ್ಕೆ ಚಾಚಿದ ಅಗಲ ಅಂಚು ಮೊದಲು ಕುಸಿಯುತ್ತದೆ. ಗುಮ್ಮಟದ ಬಾಗು, ನೆಟ್ಟಗಿನ ಗೋಡೆ ಗಟ್ಟಿಯಾಗಿ ನಿಲ್ಲುತ್ತವೆ. ತಳದ ಮೂರನೇ ಒಂದು ಭಾಗ ತುಸು ದಪ್ಪ ಬಿಟ್ಟು ಮೇಲಕ್ಕೆ ತೆಳುವಾಗಿಸಿ. ಪಟ್ಟಿ ಜಾಸ್ತಿ ಬಾಗುತ್ತಿದೆ ಎಂದು ಸುಮ್ನೆ ಮಿಶ್ರಣವನ್ನು ಗಟ್ಟಿ ಮಾಡಿ ಬೆಳಕು ಕಳೆದುಕೊಳ್ಳುವ ಮೊದಲು, ಆಕಾರ ಬದಲಿಸಿ ನೋಡಿ. ಗ್ಲೇಜ್ ಇಲ್ಲದ ಬಟ್ಟಲುಗಳನ್ನು ಅಲ್ಯುಮಿನಾ ಪುಡಿ ಉದುರಿಸಿ, ಬಾಯಿಗೆ ಬಾಯಿ ಸೇರಿಸಿ ಜೋಡಿಯಾಗಿ ಸುಟ್ಟರೆ ಅಂಚು ದುಂಡಗೇ ಉಳಿಯುತ್ತದೆ.

ಬೆಳಕಿನಲ್ಲೇ ಚಿತ್ರ ಬಿಡಿಸುವುದು

ದಪ್ಪ ಬದಲಾದಂತೆ ಬೆಳಕು ಬದಲಾಗುತ್ತದೆ ಎಂದ ಮೇಲೆ ದಪ್ಪವೇ ನಿಮ್ಮ ಬಣ್ಣ. 1827ರಲ್ಲಿ ಫ್ರಾನ್ಸಿನಲ್ಲಿ ಪೌಲ್ ದ ಬೂರ್ಗ್ವಾ ಪೇಟೆಂಟ್ ಪಡೆದ ಲಿಥೋಫೇನ್ ಇದನ್ನೇ ಬಳಸುತ್ತದೆ. ಪಿಂಗಾಣಿ ಹಾಳೆಯಲ್ಲಿ ಆಳವಾಗಿ ಕೆತ್ತಿದ ಜಾಗ ಬೆಳಗುತ್ತದೆ, ದಪ್ಪ ಬಿಟ್ಟ ಜಾಗ ನೆರಳಾಗುತ್ತದೆ. ನಿಮ್ಮ ಮೂರು ಬಿಲ್ಲೆಗಳು ಈಗ ಬೇರೆ ರೀತಿಯಲ್ಲಿ ನೆರವಾಗುತ್ತವೆ. ಯಾವ ದಪ್ಪಕ್ಕೆ ಎಷ್ಟು ಬೆಳಕು ಎಂಬುದು ಅವುಗಳಲ್ಲೇ ಇದೆ.

ಕೆತ್ತಲು ಕೈ ಹಿಡಿತ ಸಾಲದವರಿಗೆ ಅರಗಿನ ವಿಧಾನವಿದೆ. ಪೂರ್ತಿ ಒಣಗಿದ, ಸುಡದ ಪಾತ್ರೆಯ ಮೇಲೆ ಶೆಲ್ಯಾಕ್‌ನಿಂದ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಚಿತ್ರ ಬರೆಯಿರಿ. ಅದು ಒಣಗಿದ ಮೇಲೆ ಒದ್ದೆ ಸ್ಪಂಜಿನಿಂದ ಹಗುರವಾಗಿ ಒರೆಸಿ. ಶೆಲ್ಯಾಕ್ ಇಲ್ಲದ ಕಡೆ ಮಣ್ಣು ಕರಗಿ ತೆಳುವಾಗುತ್ತದೆ, ಚಿತ್ರ ಉಬ್ಬಿ ನಿಲ್ಲುತ್ತದೆ. ಒಂದೇ ಸಲ ಬಹಳ ಒರೆಸಿದರೆ ಗೋಡೆ ನೀರು ಕುಡಿದು ಬಿರಿಯುತ್ತದೆ. ಸ್ವಲ್ಪ ಒರೆಸಿ, ಒಣಗಲು ಬಿಟ್ಟು, ಮತ್ತೆ ಒರೆಸಿ. ಬಿಸ್ಕ್ ಸುಡುವಾಗ ಶೆಲ್ಯಾಕ್ ಹೊಗೆಯಾಗುತ್ತದೆ, ಕೋಣೆಯಲ್ಲಿ ಗಾಳಿ ಆಡಬೇಕು.

ಗ್ಲೇಜ್ ಬೇಕೇ?

ಒರಟು ಮೇಲ್ಮೈಯೂ ಬೆಳಕನ್ನು ಚದುರಿಸುತ್ತದೆ. ತೆಳುವಾದ ಪಾರದರ್ಶಕ ಗ್ಲೇಜ್ ಆ ಒರಟನ್ನು ಮುಚ್ಚುತ್ತದೆ. ಜಿರ್ಕಾನ್ ಅಥವಾ ತವರದ ಆಕ್ಸೈಡ್ ಇರುವ ಬಿಳಿ ಗ್ಲೇಜ್ ಖಂಡಿತ ಬೇಡ, ಅವುಗಳ ಕೆಲಸವೇ ಬೆಳಕು ತಡೆಯುವುದು. ತೆಳು ಗೋಡೆ ಗ್ಲೇಜ್‌ನ ನೀರನ್ನು ಬೇಗ ಹೀರಿ ತುಂಬಿಕೊಂಡುಬಿಡುತ್ತದೆ. ಹಾಗಾಗಿ ಒಂದು ದಿನ ಒಳಗೆ, ಒಣಗಿದ ಮೇಲೆ ಮರುದಿನ ಹೊರಗೆ ಹಾಕಿ. ಒಳಗೆ ಮಾತ್ರ ಗ್ಲೇಜ್ ಇದ್ದು ಅದರ ಹಿಗ್ಗುವಿಕೆ ಮಣ್ಣಿಗೆ ಹೊಂದದಿದ್ದರೆ ತೆಳು ಪಾತ್ರೆ ಸೀಳಬಹುದು. ಮೊದಲು ಸಣ್ಣ ಬಟ್ಟಲಿನಲ್ಲಿ ಪರೀಕ್ಷಿಸಿ.

ನನಗೆ ಗ್ಲೇಜ್ ಇಲ್ಲದ ನಯ ಹೆಚ್ಚು ಇಷ್ಟ. ಸುಟ್ಟ ಪಾತ್ರೆಯನ್ನು ನೀರು ಹಾಕುತ್ತಾ ವಜ್ರದ ಪುಡಿಯ ಪ್ಯಾಡ್‌ನಿಂದ ಉಜ್ಜಿ. ಮೊದಲು 220, ಆಮೇಲೆ 400, ಕೊನೆಗೆ 800 ಗ್ರಿಟ್. ಒಣದಾಗಿ ಉಜ್ಜಲೇಬೇಡಿ, ಮತ್ತದೇ ಧೂಳು.

ದೀಪದ ಹೊದಿಕೆ ಮಾಡುವವರು ಬಿಸಿ ಬಲ್ಬ್ ಬದಲು ಎಲ್ಇಡಿ ಬಳಸಿ. ವೈರ್ ಹೋಗುವ ತೂತನ್ನು ಮಣ್ಣು ಅರೆ ಒಣಗಿದ್ದಾಗಲೇ ಕೊರೆಯಿರಿ. ನಿಮ್ಮ ಮಿಶ್ರಣ ಎಷ್ಟು ಕುಗ್ಗುತ್ತದೆ ಎಂದು 100 ಮಿಲಿಮೀಟರ್ ಗೆರೆ ಹೇಳಿದೆಯಲ್ಲ, ಆ ಲೆಕ್ಕದಲ್ಲಿ ತೂತನ್ನು ದೊಡ್ಡದು ಮಾಡಿ. 14 ಪ್ರತಿಶತ ಕುಗ್ಗುವ ಮಣ್ಣಿನಲ್ಲಿ, ಸುಟ್ಟ ಮೇಲೆ 10 ಮಿಲಿಮೀಟರ್ ತೂತು ಬೇಕಿದ್ದರೆ ಹಸಿಯಲ್ಲಿ ಸುಮಾರು 11.6 ಮಿಲಿಮೀಟರ್ ಕೊರೆಯಬೇಕು.